ಕಾಲೇಜು ವಿದ್ಯಾರ್ಥಿಯೂ ಮೊದಲ ಟ್ಯೂಬಾ ವಾದ್ಯವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರು ಮಕ್ಕಳನ್ನು ವ್ಯಾಸಂಗಕ್ಕಾಗಿ ಮೈಸೂರಿಗೆ ಕಳುಹಿಸುವುದು ಬಹುಕಾಲದ ರೂಢಿ. ಹುಡುಗನು ಪುಸ್ತಕ ಬೇಕೆಂದರೆ ತಂದೆಯಾದವನು ಮರುಮಾತಿಲ್ಲದೆ ಕೊಡಿಸುತ್ತಾನೆ. ಬೈಸಿಕಲ್ಲು ಬೇಕೆಂದರೆ ತುಸು ಯೋಚಿಸಿ ಕೊಡಿಸುತ್ತಾನೆ. ಆದರೆ ದಸರೆಯಲ್ಲಿ ಅರಮನೆಯ ಅಂಗಳದ ಪೊಲೀಸ್ ಬ್ಯಾಂಡನ್ನು ಕೇಳಿ ಬಂದು, "ಅಪ್ಪ, ನನಗೊಂದು ಟ್ಯೂಬಾ ಬೇಕು" ಎಂದರೆ ಮನೆಯವರು ಏನು ಹೇಳಬೇಕು?

ಕೋಟೆಯ ಕಡೆಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಈ ಪ್ರಶ್ನೆಯೇ ಎದ್ದಿತು. ಹೊಗೆಸೊಪ್ಪಿನ ಹರಾಜಿನಿಂದ ಬರುವ ಹಣಕ್ಕಾಗಿ ಸಾಲದ ಕಂತು, ಬ್ಯಾರನ್ನಿನ ದುರಸ್ತಿ, ಮಗಳ ಮದುವೆ ಇವೆಲ್ಲವೂ ಮೊದಲೇ ಕಾದು ನಿಂತಿದ್ದುವು. "ಊದುವುದಕ್ಕೆ ಒಲೆಯ ಮುಂದಿನ ಊದುಗೊಳವೆ ಸಾಲದೇ?" ಎಂದು ಅಜ್ಜಿಯವರು ನಕ್ಕರು. ಹುಡುಗನು ನಗಲಿಲ್ಲ.

ಟ್ಯೂಬಾ ಎಂಬುದು ನಮ್ಮ ಕೊಂಬು ಕಹಳೆಗಳ ಬಳಗಕ್ಕೇ ಸೇರಿದ ಹಿತ್ತಾಳೆಯ ವಾದ್ಯ. ತುಟಿಯ ಕಂಪನದಿಂದಲೇ ನುಡಿಯತಕ್ಕದ್ದು. ಬರ್ಲಿನ್ ನಗರದಲ್ಲಿ ವೀಪ್ರೆಕ್ಟ್ ಎಂಬ ಬ್ಯಾಂಡ್ ನಾಯಕನೂ ಮೊರಿಟ್ಸ್ ಎಂಬ ವಾದ್ಯಶಿಲ್ಪಿಯೂ ಕೂಡಿ 1835ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ಮೇಳದಲ್ಲಿ ಮಂದ್ರಸ್ವರದ ಭಾರವನ್ನೆಲ್ಲ ಹೊರುವುದು ಇದೇ. ಕಟ್ಟಡದ ತಳಪಾಯವನ್ನು ಯಾರೂ ಹೊಗಳುವುದಿಲ್ಲ. ಅದಿಲ್ಲದೆ ಗೋಡೆಯೂ ನಿಲ್ಲುವುದಿಲ್ಲ. ಮೈಸೂರಿನವರಿಗೆ ಈ ಬಗೆಯ ವಾದ್ಯಗಳು ಅಪರಿಚಿತವಲ್ಲ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇಂಗ್ಲಿಷ್ ಬ್ಯಾಂಡೂ ಜೊತೆಜೊತೆಯಾಗಿ ಬೆಳೆದುವು. ಜಯಚಾಮರಾಜೇಂದ್ರ ಒಡೆಯರವರು ಪಾಶ್ಚಾತ್ಯ ಸಂಗೀತದಲ್ಲಿಯೂ ಪಂಡಿತರಾಗಿದ್ದು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತ ಸಂಘದ ಪ್ರಥಮಾಧ್ಯಕ್ಷರಾದರು. ಅರಮನೆಯ ಬ್ಯಾಂಡಿನ ಪರಂಪರೆ ಇಂದು ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದಿದೆ.

ಹುಡುಗನು ಮೊದಲು ಒಬ್ಬನೇ ಹೋಗಿ, ಅಂಗಡಿಯೊಂದರಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಹಳೆಯ ಟ್ಯೂಬಾ ಒಂದಕ್ಕೆ ಮನಸೋತು ಬಂದನು. ತಂದೆಯವರು ಕೋಪಿಸಿಕೊಳ್ಳಲಿಲ್ಲ. "ಮಗೂ, ಎತ್ತು ಕೊಳ್ಳುವಾಗ ಕೊಂಬಿನ ಬಣ್ಣ ನೋಡುತ್ತೇವೆಯೇ? ಬಲ್ಲವರನ್ನು ಕರೆದುಕೊಂಡು ಹೋಗು" ಎಂದರು. ನಿವೃತ್ತ ಬ್ಯಾಂಡ್ ವಾದಕರೊಬ್ಬರು ದೊರೆತರು. ಅವರು ವಾದ್ಯವನ್ನು ಊದಲೇ ಇಲ್ಲ. ವಾಲ್ವನ್ನು ಒತ್ತದೆ, ಅದರ ಜಾರುಕೊಳವೆಯನ್ನು ಮಾತ್ರ ಮೆಲ್ಲನೆ ಹೊರಕ್ಕೆಳೆದರು. ಒಳಗಿನ ಗಾಳಿ ಬಿಗಿಯಾಗಿದ್ದರೆ ಕೊಳವೆ ಕಳಚುವಾಗ "ಟಪ್" ಎಂದು ಸದ್ದಾಗಬೇಕು. ಸದ್ದೇ ಆಗಲಿಲ್ಲ. ವಾಲ್ವುಗಳು ಸವೆದು ಗಾಳಿ ಸೋರುತ್ತಿತ್ತು. ಹೊಳಪೆಲ್ಲ ಹೊಸದಾಗಿ ತಿಕ್ಕಿಸಿದ್ದು.

ಆ ಹಿರಿಯರು ಹೇಳಿದ ಮಾತುಗಳು ಎಲ್ಲ ಮನೆಗಳಿಗೂ ಉಪಯುಕ್ತವಾದುವು. ಹೊರಮೈಯ ಸಣ್ಣ ನೆಗ್ಗುಗಳಿಗೆ ಅಂಜಬೇಕಾದುದಿಲ್ಲ, ಅವನ್ನು ತಿದ್ದಿಸಬಹುದು. ಸವೆದ ವಾಲ್ವು, ಅಲುಗದ ಜಾರುಕೊಳವೆ, ಬಿಟ್ಟ ಬೆಸುಗೆ, ಹಿತ್ತಾಳೆಯ ಸತ್ತ್ವ ಹೋಗಿ ಮೂಡಿದ ಕೆಂಪು ಚುಕ್ಕೆಗಳು, ಇವಕ್ಕೆ ಅಂಜಬೇಕು. ದೊಡ್ಡ ಬಿ-ಫ್ಲ್ಯಾಟ್ ಟ್ಯೂಬಾದ ಸುರುಳಿಯನ್ನು ಬಿಚ್ಚಿದರೆ ಸುಮಾರು 18 ಅಡಿ. ಇ-ಫ್ಲ್ಯಾಟ್ ಟ್ಯೂಬಾದ್ದು ಸುಮಾರು 13 ಅಡಿ. ಬಸ್ಸಿನಲ್ಲಿ ಊರಿಗೆ ಹೊತ್ತು ತರಬೇಕಾದ ಹುಡುಗನಿಗೆ ಎರಡನೆಯದೇ ಅನುಕೂಲ. ನಾಲ್ಕನೆಯ ವಾಲ್ವಿದ್ದರೆ ಕೆಳಗಿನ ಸ್ವರಗಳು ಶ್ರುತಿಗೆ ಚೆನ್ನಾಗಿ ಸೇರುತ್ತವೆ. ಆದರೆ ಕಲಿಯುವವನಿಗೆ ಒಳ್ಳೆಯ ಮೂರು ವಾಲ್ವುಗಳೇ ಸಾಕು. ಸೇರಬೇಕೆಂದಿರುವ ಮೇಳವು ಯಾವ ಶ್ರುತಿಯ ವಾದ್ಯವನ್ನು ಬಳಸುತ್ತದೆಂಬುದನ್ನು ಮಾತ್ರ ಮೊದಲೇ ಕೇಳಿ ತಿಳಿಯತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಅವರು ಕೊನೆಗೆ ಹೇಳಿದರು: "ಈಗಲೇ ವಾದ್ಯ ಬೇಡ, ಬಾಯಿಗಿಟ್ಟು ಊದುವ ಮೌತ್‌ಪೀಸ್ ಒಂದನ್ನು ಕೊಳ್ಳಿ. ಆರು ತಿಂಗಳು ಅದರಲ್ಲಿಯೇ ತುಟಿ ಪಳಗಲಿ. ವಾದ್ಯವನ್ನು ನನ್ನ ಮನೆಗೆ ಬಂದು ಊದಲಿ." ಸಾವಿರಾರು ರೂಪಾಯಿಗಳ ಪ್ರಶ್ನೆಯು ಹೀಗೆ ಅಂಗೈಯಲ್ಲಿ ಹಿಡಿಯುವ ಬಟ್ಟಲಿಗೆ ಇಳಿಯಿತು. ಆಸೆ ಹೊರಗಿನದಾಗಿದ್ದರೆ ಅಷ್ಟರಲ್ಲಿ ಆರಿಹೋಗುತ್ತಿತ್ತು. ಆರಲಿಲ್ಲ. ಹುಡುಗನು ಭಾನುವಾರಗಳಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಹಣ ಕೂಡಿಸಿದನು. ಮುಂದಿನ ಹರಾಜಿನಲ್ಲಿ ತಂದೆಯವರು ಉಳಿದರ್ಧ ಕೊಟ್ಟರು. ನೆಗ್ಗಿದರೂ ಗಾಳಿ ಸೋರದ ಹಳೆಯ ಇ-ಫ್ಲ್ಯಾಟ್ ಟ್ಯೂಬಾ ಮನೆಗೆ ಬಂದಿತು.

ಬಂದ ದಿನ ಅಜ್ಜಿಯವರು ಹುಣಸೆಹಣ್ಣು ಹಿಡಿದು ಬೆಳಗಲು ಸಿದ್ಧರಾದರು. ಹುಳಿಯು ವಾಲ್ವುಗಳ ಸಂದಿಗಿಳಿದರೆ ಕೆಡುಕೆಂದು ಹುಡುಗನು ತಡೆದನು. ಊದಿ ಮುಗಿದೊಡನೆ ಒಳಗಿನ ತೇವವನ್ನು ಸುರಿಸುವುದು, ವಾಲ್ವುಗಳಿಗೆ ಅದಕ್ಕೆಂದೇ ಇರುವ ಎಣ್ಣೆ ಬಿಡುವುದು, ಮೆತ್ತನೆಯ ಬಟ್ಟೆಯಿಂದ ಒರೆಸುವುದು, ಇಷ್ಟೇ ಅದರ ಆರೈಕೆ. ಮುಸ್ಸಂಜೆಯಲ್ಲಿ ಮೊದಲ ಸ್ವರ ಕೇಳಿ, ಕಾಡಿನಂಚಿನ ಆ ಊರಿನ ನಾಲ್ವರು ಆನೆ ಬಂದಿತೆಂದು ಟಾರ್ಚು ಹಿಡಿದು ಓಡಿಬಂದರು. ಅಂದಿನಿಂದ ಅಭ್ಯಾಸದ ವೇಳೆ ಹಗಲಿಗೆ ಬದಲಾಯಿತು.

ಮಕ್ಕಳ ಆಸೆಯನ್ನು ಒಡನೆಯೇ ತೀರಿಸುವುದೂ ಸುಲಭ, ಒಡನೆಯೇ ತಳ್ಳಿಹಾಕುವುದೂ ಸುಲಭ. ಗುರುವನ್ನು ಹುಡುಕಿಕೊಟ್ಟು, ಕಾಲವನ್ನು ಕೊಟ್ಟು, ಪಾಲು ಹಣವನ್ನು ಅವರೇ ದುಡಿಯುವಂತೆ ಮಾಡುವುದು ಕಷ್ಟ. ನಮ್ಮ ಬಂಧುಗಳು ಆ ಕಷ್ಟವನ್ನೇ ಆರಿಸಿಕೊಂಡರು. ಈಗ ರಜೆಗೆ ಬಂದ ಮೊಮ್ಮಗನು ಮಧ್ಯಾಹ್ನ ಊದದೆ ಇದ್ದರೆ, "ಏನಪ್ಪ, ಇವತ್ತು ಆನೆ ಬರಲಿಲ್ಲವೇ?" ಎಂದು ಕೇಳುವವರು ಅಜ್ಜಿಯವರೇ.