ನಿಮಗಿದು ಗೊತ್ತೆ? ಡಾಂಬರು ಬಿಡಿಸಲು ಅಡುಗೆ ಎಣ್ಣೆ!

ಪುಣೆಯ ಹಡಪಸರದಿಂದ ಸೊಲ್ಲಾಪುರ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಮುಳಾ-ಮುಠಾ ನದಿ ದಡದ ಕವಡಿಪಾಟ್ ಎಂಬ ಜಾಗ ಸಿಗುತ್ತದೆ. ನಗರದ ಕೊಳಚೆ ಹರಿದುಬರುವ ಈ ನೀರಿಗೂ ಚಳಿಗಾಲದಲ್ಲಿ ವಲಸೆ ಬಾತುಗಳು ಇಳಿಯುತ್ತವೆ. ಇಂಥ ಹಕ್ಕಿಗೆ ಎಣ್ಣೆಯೋ ಡಾಂಬರೋ ಮೆತ್ತಿಕೊಂಡರೆ ಗರಿಗಳು ಅಂಟಿ, ನೀರು ನೇರ ಚರ್ಮಕ್ಕೆ ತಾಗಿ ಮೈ ತಣ್ಣಗಾಗುತ್ತದೆ. ಕೊಕ್ಕಿನಿಂದ ಗರಿ ತೀಡಿಕೊಳ್ಳುವಾಗ ವಿಷ ಹೊಟ್ಟೆ ಸೇರುತ್ತದೆ.

ಇಂಥ ಹಕ್ಕಿ ಸಿಕ್ಕ ಕೂಡಲೇ ತೊಳೆಯಲು ಹೋಗಬೇಡಿ. ಬಳಲಿದ ಹಕ್ಕಿ ಆ ಗಾಬರಿಗೇ ಸಾಯಬಹುದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ, ಕತ್ತಲಲ್ಲಿ ಇಟ್ಟು ಅರಣ್ಯ ಇಲಾಖೆಗೆ ಕರೆ ಮಾಡಿ (ಮಹಾರಾಷ್ಟ್ರದಲ್ಲಿ 1926). ಹಕ್ಕಿ ಚೇತರಿಸಿಕೊಂಡ ಮೇಲೆ ತಜ್ಞರು ಗಟ್ಟಿ ಡಾಂಬರನ್ನು ಅಡುಗೆ ಎಣ್ಣೆಯಿಂದ ಮೆದುಮಾಡಿ, ಸುಮಾರು 40 ಡಿಗ್ರಿ ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಬೆರೆಸಿ ಮತ್ತೆ ಮತ್ತೆ ತೊಳೆಯುತ್ತಾರೆ. ಸೋಪಿನ ಅಂಶ ಒಂದಿಷ್ಟು ಉಳಿದರೂ ಗರಿಗೆ ನೀರು ತಡೆಯುವ ಗುಣ ಮರಳದು. ಸೀಮೆಎಣ್ಣೆ, ಪೆಟ್ರೋಲ್ ಖಂಡಿತ ಬೇಡ, ಚರ್ಮ ಸುಡುತ್ತದೆ.

ಇಷ್ಟೆಲ್ಲ ಪಾಡು ವ್ಯರ್ಥವಲ್ಲ. 2000ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಳಿ 'ಟ್ರೆಷರ್' ಹಡಗು ಮುಳುಗಿದಾಗ ಎಣ್ಣೆ ಮೆತ್ತಿದ್ದ ಸುಮಾರು 19,000 ಪೆಂಗ್ವಿನ್‌ಗಳನ್ನು ಹೀಗೇ ತೊಳೆದರು. ಹತ್ತರಲ್ಲಿ ಒಂಬತ್ತು ಬದುಕಿ ಕಡಲಿಗೆ ಮರಳಿದವು.