ಖಾನಾವಳಿಯಲ್ಲಿ ಸೌಜನ್ಯ

ಮನುಷ್ಯನ ಗುಣವನ್ನು ಅರಿಯಬೇಕಾದರೆ ಅವನೊಡನೆ ಪ್ರವಾಸ ಮಾಡಬೇಕೆಂದು ಹಿರಿಯರು ಹೇಳುತ್ತಾರೆ. ಅಷ್ಟು ದೂರ ಹೋಗುವ ಕಾರಣವಿಲ್ಲವೆಂಬುದು ನನ್ನ ಅನುಭವ. ಹಸಿದ ಹೊತ್ತಿನಲ್ಲಿ ಅವನ ಜೊತೆಗೆ ಯಾವುದಾದರೊಂದು ಖಾನಾವಳಿಯಲ್ಲಿ ಅರ್ಧ ತಾಸು ಕುಳಿತರೆ ಸಾಕು. ಅವನ ವಿದ್ಯೆ, ಪದವಿ, ಮನೆತನಗಳೆಲ್ಲ ಕೈತೊಳೆಯುವ ಜಾಗದಲ್ಲಿಯೇ ಕಳಚಿಬಿದ್ದು, ಒಳಗಿನ ಮನುಷ್ಯನೊಬ್ಬನೇ ಊಟಕ್ಕೆ ಬಂದು ಕೂಡುತ್ತಾನೆ.

ಪರೀಕ್ಷೆಯ ಕೆಲಸ, ಉಪನ್ಯಾಸ, ನಂಟರಿಷ್ಟರ ಮದುವೆ ಎಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವೆ ಹದಿನೆಂಟು ವರ್ಷಗಳಿಂದ ಓಡಾಡಿಕೊಂಡಿರುವವನು ನಾನು. ಮನೆಯ ರೊಟ್ಟಿಗಿಂತ ಹೊರಗಿನ ರೊಟ್ಟಿಯೇ ನನಗೆ ಹೆಚ್ಚು ರುಚಿಯೆಂದು ಮನೆಯಲ್ಲಿ ಆಗಾಗ ಆಪಾದನೆ ಬರುವುದುಂಟು. ಆದ್ದರಿಂದ ಖಾನಾವಳಿಯ ಶಿಷ್ಟಾಚಾರವನ್ನು ಕುರಿತು ಬರೆಯುವ ಅಧಿಕಾರ ನನಗೆ ಸ್ವಲ್ಪ ಮಟ್ಟಿಗಾದರೂ ಇದೆಯೆಂದು ಭಾವಿಸಿದ್ದೇನೆ.

ಖಾನಾವಳಿಗೆ ಬರುವ ಉಪದ್ರವಿಗಳಲ್ಲಿ ಹಲವು ಪಂಗಡಗಳಿವೆ. ಕೈತೊಳೆಯುವಲ್ಲಿ ನಿಂತು, ಉಣ್ಣುತ್ತಿರುವವರೆಲ್ಲರಿಗೂ ಕೇಳಿಸುವಂತೆ ಗಂಟಲನ್ನು ಶುದ್ಧಿಮಾಡಿಕೊಳ್ಳುವವರು ಮೊದಲನೆಯವರು. ಖುರ್ಚಿ ಖಾಲಿಯಾಗುವುದನ್ನೇ ಕಾಯುತ್ತ ನಮ್ಮ ಬೆನ್ನ ಹಿಂದೆ ಬಂದು ನಿಲ್ಲುವವರು ಎರಡನೆಯವರು. ನಾವು ರೊಟ್ಟಿ ಮುರಿಯುವುದನ್ನೂ ಮಜ್ಜಿಗೆ ಸುರಿದುಕೊಳ್ಳುವುದನ್ನೂ ಅವರು ಎಣಿಸುತ್ತಿರುವಾಗ ತುತ್ತು ಗಂಟಲಲ್ಲಿ ಇಳಿಯುವುದು ಹೇಗೆ? ಉಂಡ ತಾಟಿನಲ್ಲಿಯೇ ಕೈ ತೊಳೆದು, ಅದನ್ನೆತ್ತುವವನಿಗೂ ಎರಡು ಕೈಗಳಿವೆ ಎಂಬುದನ್ನು ಮರೆಯುವವರು ಮೂರನೆಯವರು. ನಾಲ್ಕನೆಯವರು ಈಚೆಗೆ ಹುಟ್ಟಿಕೊಂಡವರು. ಮೊಬೈಲನ್ನು ನೀರಿನ ಲೋಟಕ್ಕೆ ಆನಿಸಿಟ್ಟು, ಅದರ ಹಾಡು, ನಗೆ, ಜಗಳಗಳನ್ನೆಲ್ಲ ಇಡೀ ಖಾನಾವಳಿಗೆ ಬಿಟ್ಟಿಯಾಗಿ ಬಡಿಸುವ ಉದಾರಿಗಳು.

ಊಟ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ ಅಲ್ಲಿಯೂ ಇದೇ ವಂಶದವರು. ಒಮ್ಮೆ ಸವದತ್ತಿಯಲ್ಲಿ ರಾಮದುರ್ಗದ ಬಸ್ಸು ಬಂದು ನಿಲ್ಲುವ ಮೊದಲೇ ತರುಣನೊಬ್ಬ ಕಿಟಕಿಯೊಳಗಿಂದ ತನ್ನ ಟವೆಲ್ಲನ್ನು ಎಸೆದು ಸೀಟು ಹಿಡಿದ. ಮುದುಕಿಯೊಬ್ಬಳು ಹೇಗೋ ಮೆಟ್ಟಿಲು ಹತ್ತಿ ಆ ಸೀಟಿನ ಬಳಿಗೆ ಬಂದಾಗ, “ಇಲ್ಲಿ ಟವೆಲ್ ಹಾಕೀನಿ, ಕಾಣಂಗಿಲ್ಲೇನು?” ಎಂದು ಗದರಿಸಿದ. ಮುದುಕಿ ಸಿಟ್ಟಾಗಲಿಲ್ಲ. “ಯಪ್ಪಾ, ನಿನ್ನ ಟವೆಲ್ಲಿಗೂ ಕಾಲು ನೋಯ್ತಾವೇನು?” ಎಂದು ಕೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ತರುಣ ಎದ್ದು ನಿಂತ. ಅವನು ಕೆಟ್ಟವನೇನೂ ಆಗಿರಲಿಲ್ಲ. ಅವಳು ಮಾತನಾಡುವವರೆಗೆ ಅವಳು ಅವನ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. ಸಾರ್ವಜನಿಕ ಸ್ಥಳಗಳಲ್ಲಿ ನಾವು ತೋರಿಸುವ ಬಹುಪಾಲು ಅಸಭ್ಯತೆಯ ಮೂಲ ಇಲ್ಲಿಯೇ ಇದೆ. ಎದುರಿಗಿರುವವರು ನಮಗೆ ಕಾಣುವುದಿಲ್ಲ.

ಹಾಗೆಂದು ಸೌಜನ್ಯವೆಂಬುದು ನಮ್ಮ ನಾಡಿಗೆ ಹೊರಗಿನಿಂದ ಬರಬೇಕಾದ ಸರಕಲ್ಲ. ನಮ್ಮ ಆಡುಮಾತಿನಲ್ಲಿ ‘ದಯವಿಟ್ಟು’ ಎಂಬ ಪದ ಕೇಳಿಸುವುದು ಅಪರೂಪ. ಅದು ಪುಸ್ತಕದ ಮಾತು. ಆದರೆ ಬರ್ರಿ, ಕೂಡ್ರಿ, ಉಣ್ರಿ ಎನ್ನುವಾಗ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಬರುವ ಆ ಒಂದು ‘ರಿ’ಕಾರ ಎಷ್ಟು ವಿನಯವನ್ನು ಹೊತ್ತುಕೊಂಡಿದೆ! ಕಿರಿಯರನ್ನು ಕರೆಯಬೇಕಾದರೆ ತಮ್ಮಾ, ತಂಗಿ ಎಂಬ ಮಾತುಗಳಿವೆ. ಏಕವಚನವನ್ನೂ ಮೃದುಗೊಳಿಸುವ ‘ಬಾರಪಾ’, ‘ಕೊಡಪಾ’ಗಳಿವೆ. ಕರೆಯುವ ಒಂದು ಮಾತಿನಲ್ಲಿಯೇ ಸ್ವರ್ಗ ನರಕಗಳನ್ನು ಕಂಡ ಬಸವಣ್ಣನವರ ವಚನವನ್ನು ನಾವು ಪಾಠ ಹೇಳುತ್ತೇವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ.

ನಡತೆಯಲ್ಲಿಯೂ ಬಡತನವಿಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ನೋಡಬೇಕು. ಕರ್ನಾಟಕದಿಂದ, ಮಹಾರಾಷ್ಟ್ರದಿಂದ ಬಂದ ಭಕ್ತರು ಗಿಡದ ನೆರಳಿನಲ್ಲಿ, ಬಂಡಿಯ ಮರೆಯಲ್ಲಿ ಒಲೆ ಹೂಡಿ ಅಡಿಗೆ ಮಾಡಿ, ದೇವಿಗೆ ಎಡೆ ತೋರಿಸಿ ಊಟಕ್ಕೆ ಕೂಡುತ್ತಾರೆ. ಒಮ್ಮೆ ಹಾಗೆ ಕುಳಿತ ಕುಟುಂಬವೊಂದರ ಪಕ್ಕದಲ್ಲಿ ನಾನು ಹಾದುಹೋಗುತ್ತಿದ್ದಾಗ, ಮನೆಯ ಹಿರಿಯಳು ಊಟಕ್ಕೆ ಬನ್ನಿರೆಂದು ಮರಾಠಿಯಲ್ಲಿ ಕರೆದಳು. ನನ್ನ ಹೆಸರು, ಊರು, ಜಾತಿ ಯಾವುದನ್ನೂ ಅವಳು ಕೇಳಲಿಲ್ಲ. ಉಣ್ಣುತ್ತಿರುವವರ ಮುಂದೆ ಯಾರಾದರೂ ಹಾದುಹೋದರೆ “ಬರ್ರಿ ಊಟಕ್ಕ” ಎನ್ನುವುದು ನಮ್ಮಲ್ಲಿಯೂ ಹಳೆಯ ವಾಡಿಕೆಯೇ. ಭಾಷೆ ಬೇರೆಯಾದರೂ ಸಂಸ್ಕಾರ ಒಂದೇ.

ಹೀಗಿರುವಾಗ ಅದೇ ಜನರು, ಎಂದರೆ ನಾವೇ, ಖಾನಾವಳಿಯ ಹೊಸ್ತಿಲು ದಾಟಿದ ಕೂಡಲೆ ಬೇರೆಯವರಾಗುವುದೇಕೆ? ನನಗೆ ತೋರುವ ಕಾರಣವಿದು: ಮನೆಯಲ್ಲಿ, ಜಾತ್ರೆಯಲ್ಲಿ, ಮಠದ ದಾಸೋಹದಲ್ಲಿ ಅನ್ನವನ್ನು ಯಾರೋ ನಮಗೆ ನೀಡುತ್ತಾರೆ, ಆದ್ದರಿಂದ ಕೈ ಚಾಚುವಾಗ ತಲೆಯೂ ತುಸು ಬಾಗುತ್ತದೆ. ಖಾನಾವಳಿಯಲ್ಲಿ ಅನ್ನವನ್ನು ಕೊಳ್ಳುತ್ತೇವೆ. ಕೊಳ್ಳುವಾಗ, ರೊಟ್ಟಿಗೆ ತೆತ್ತ ಹಣದಲ್ಲಿಯೇ ರೊಟ್ಟಿ ತಂದವನನ್ನೂ, ಒಳಗೆ ಹೊಗೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಿಯನ್ನೂ ಕೊಂಡುಬಿಟ್ಟೆವೆಂಬ ಭ್ರಮೆ ಹುಟ್ಟುತ್ತದೆ. ಬೆಲೆಪಟ್ಟಿಯಲ್ಲಿ ರೊಟ್ಟಿ, ಝುಣಕ, ಎಣ್ಣೆಗಾಯಿಗಳಿಗೆ ದರ ಬರೆದಿರುತ್ತಾರೆಯೇ ಹೊರತು ಬಡಿಸುವವನ ಮಾನಕ್ಕೆ ಯಾರೂ ದರ ಬರೆದಿರುವುದಿಲ್ಲ.

ಖಾನಾವಳಿಯ ಬಾಗಿಲು ಎಲ್ಲರಿಗೂ ಸುಲಭವಾಗಿ ತೆರೆದುಕೊಂಡದ್ದಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ, ಅಂಗಡಿ, ಉಪಾಹಾರಗೃಹ, ಹೋಟೆಲುಗಳಿಗೆ ಪ್ರವೇಶಿಸಲು ಯಾರಿಗೂ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರುಗಳ ಕಾರಣದಿಂದ ಅಡ್ಡಿ ಮಾಡಕೂಡದೆಂದು ಹೆಸರೆತ್ತಿಯೇ ಹೇಳಿದೆ. ಅಸ್ಪೃಶ್ಯತೆಯ ಆಚರಣೆಯನ್ನು ದಂಡನೀಯವಾಗಿಸುವ ಕಾಯಿದೆ 1955ರಲ್ಲಿ ಬಂದಿತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. 2008ರ ಅಕ್ಟೋಬರ್ 2ರಂದು ಜಾರಿಯಾದ ನಿಯಮಗಳು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆದವು. ಕಾನೂನು ಬಾಗಿಲನ್ನು ತೆರೆಸಬಲ್ಲದು, ಬೀಡಿಯನ್ನು ಆರಿಸಬಲ್ಲದು. ಆದರೆ ಒಳಗೆ ಹೋಗಿ ಕುಳಿತವನು ನೀರು ತರುವವನನ್ನು ಹೇಗೆ ಕರೆಯಬೇಕೆಂಬುದಕ್ಕೆ ಯಾವ ಕಲಮೂ ಇಲ್ಲ. ಅದನ್ನು ನಮ್ಮ ನಾಲಗೆಗೆ ಬಿಟ್ಟಿದ್ದಾರೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ನಾಲಗೆಯ ಕಥೆಯನ್ನು ಮುಚ್ಚಿಡುವುದು ನ್ಯಾಯವಲ್ಲ.

ಒಂದು ಮಳೆಗಾಲದ ರಾತ್ರಿ. ಕಿತ್ತೂರಿನಿಂದ ತಡವಾಗಿ ಮರಳಿ, ತೊಯ್ದ ಬಟ್ಟೆಯಲ್ಲಿಯೇ ಬೈಲಹೊಂಗಲದ ಒಂದು ಖಾನಾವಳಿಯನ್ನು ಹೊಕ್ಕೆ. ಹಸಿವು, ದಣಿವು, ಸಾಲದ್ದಕ್ಕೆ ಕೈಯಲ್ಲಿ ಮೊಬೈಲು. ತಾಟು ಬಂದಿತ್ತು, ನೀರು ಬಂದಿರಲಿಲ್ಲ. ತಲೆಯೆತ್ತದೆ ಮೇಜು ಬಡಿದು, “ಲೇ, ನೀರು ತಾರಲೇ!” ಎಂದು ಕೂಗಿದೆ.

“ತಂದ್ನಿರಿ ಸರ” ಎಂಬ ದನಿ ಕೇಳಿಸಿತು. ಪರಿಚಿತ ದನಿ. ತಲೆಯೆತ್ತಿ ನೋಡಿದರೆ ನನ್ನ ಬಿ.ಎ. ತರಗತಿಯಲ್ಲಿ ಮೂರನೆಯ ಬೆಂಚಿನ ತುದಿಗೆ ಕುಳಿತುಕೊಳ್ಳುವ ಹುಡುಗ. ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ, ಕೈಯಲ್ಲಿ ತುಂಬಿದ ತಂಬಿಗೆ.

“ನೀ ಇಲ್ಲಿ?” ಎಂದೆ.

“ಸಂಜಿಮುಂದ ಬರ್ತೀನ್ರಿ ಸರ. ರೂಮಿನ ಬಾಡಿಗಿ ಆಗ್ತದ್ರಿ.”

“ತಪ್ಪಾತಪಾ. ನೀನಂತ ಗೊತ್ತಾಗಲಿಲ್ಲ” ಎಂದೆ.

“ಇರ್ಲಿರಿ ಸರ. ಎಲ್ಲಾರೂ ಹಂಗ ಕರೀತಾರ್ರಿ” ಎಂದು ಅವನು ನಕ್ಕು, ಲೋಟಕ್ಕೆ ನೀರು ಸುರಿದು, ಮುಂದಿನ ಮೇಜಿಗೆ ಹೋದ.

ಅವನ ಮಾತಿಗಿಂತ ನನ್ನ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. ‘ನೀನೆಂದು ಗೊತ್ತಾಗಲಿಲ್ಲ’ ಎಂದರೇನು? ಅವನಲ್ಲದೆ ಬೇರೊಬ್ಬ ಹುಡುಗನಾಗಿದ್ದರೆ ಆ ‘ಲೇ’ ಸಲ್ಲುತ್ತಿತ್ತೆ? ನಾನು ಕ್ಷಮೆ ಕೇಳಿದ್ದು ನನ್ನ ವಿದ್ಯಾರ್ಥಿಯನ್ನೇ ಹೊರತು ನೀರು ತಂದ ಮನುಷ್ಯನನ್ನಲ್ಲ. ಮೊದಲನೆಯ ತಪ್ಪು ಹಸಿವಿನಿಂದ ಆಗಿತ್ತು. ಎರಡನೆಯದು ತಿಳಿದವನೆಂಬ ಅಭಿಮಾನದಿಂದ ಆಯಿತು. ಆ ರಾತ್ರಿ ಎರಡನೆಯ ರೊಟ್ಟಿ ಸೇರಲಿಲ್ಲ.

ಮರುದಿನ ಬೆಳಗ್ಗೆ ತರಗತಿಯಲ್ಲಿ ಹಾಜರಿ ಕರೆದೆ. ಅವನ ಹೆಸರು ಬಂದಾಗ ಎಂದಿನಂತೆಯೇ ಎದ್ದು ನಿಂತು “ಹಾಜರ್ ಸರ” ಎಂದ. ಆ ಕೋಣೆಯಲ್ಲಿ ಅವನಿಗೆ ಒಂದು ಹೆಸರಿತ್ತು, ಒಂದು ನಂಬರಿತ್ತು, ಕೂಡುವ ಜಾಗವೊಂದಿತ್ತು. ಹಿಂದಿನ ರಾತ್ರಿ, ಅಲ್ಲಿಂದ ಅರ್ಧ ಮೈಲು ಕೂಡ ದೂರವಿಲ್ಲದ ಜಾಗದಲ್ಲಿ, ಅವನು ತಂಬಿಗೆ ಹಿಡಿದು ನನ್ನೆದುರಿಗೇ ನಿಂತಿದ್ದರೂ ನನ್ನ ಪಾಲಿಗೆ ಗೈರುಹಾಜರಾಗಿದ್ದ. ಅಂದು ವಚನಗಳ ಪಾಠವಿತ್ತು. ಪುಸ್ತಕದಿಂದ ಕಣ್ಣು ಕೀಳದೆ ಪಾಠ ಮುಗಿಸಿದೆ.

ಅಂದಿನಿಂದ ಒಂದು ಸಣ್ಣ ನೇಮವನ್ನು ಇಟ್ಟುಕೊಂಡಿದ್ದೇನೆ. ಖಾನಾವಳಿಯಲ್ಲಿ ಮೊಬೈಲನ್ನು ಕಿಸೆಯಲ್ಲಿಡುವುದು. ಕರೆಯುವ ಮೊದಲು ಮುಖ ನೋಡುವುದು. “ತಮ್ಮಾ, ನೀರು ಕೊಡಪಾ” ಎನ್ನುವುದು. ಹೇಳುವುದಕ್ಕೆ ಸುಲಭ, ನಡೆಸುವುದಕ್ಕೆ ಅಷ್ಟು ಸುಲಭವಲ್ಲ. ಹಸಿವು ಹೆಚ್ಚಾದ ದಿನ ಆ ಹಳೆಯ ದನಿ ಗಂಟಲಿನವರೆಗೆ ಬಂದು ನಿಲ್ಲುತ್ತದೆ. ಒಂದು ಗುಟುಕು ನೀರು ಕುಡಿದು ಅದನ್ನು ಒಳಗೆ ತಳ್ಳೋಣವೆಂದರೆ ನೀರು ಇನ್ನೂ ಬಂದಿರುವುದಿಲ್ಲ. ಉಗುಳು ನುಂಗಿ ಕಾಯುತ್ತೇನೆ.