ಲಸಿಕೆಯು ಶಿಶುಗಳಿಗೆ ಮಾತ್ರವೇ?

ತೊಟ್ಟಿಲ ಕೂಸಿಗೆ ಲಸಿಕೆ ಹಾಕಿಸುವುದರಲ್ಲಿ ನಮ್ಮ ಪೌರರು ಈಗ ಅಷ್ಟಾಗಿ ಹಿಂದೆಗೆಯುವುದಿಲ್ಲವೆಂಬುದು ಸಂತೋಷದ ಸಂಗತಿ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಮೂಲಕ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಉಪಕಾರವು ಉಚಿತವಾಗಿ ದೊರೆಯುತ್ತಿದೆ. ಆದರೆ ಕೂಸನ್ನು ಎತ್ತಿಕೊಂಡು ಬಂದ ತಂದೆಯನ್ನು, "ತಮಗೆ ಚುಚ್ಚುಮದ್ದು ಯಾವಾಗ ಆಯಿತು, ಸ್ವಾಮಿ?" ಎಂದು ಕೇಳಿದರೆ ಅವರು ನಕ್ಕುಬಿಡುವರು. ಧನುರ್ವಾಯುವಿಗೂ ಗಂಟಲಮಾರಿಗೂ ಎದುರಾಗಿ ಬಾಲ್ಯದಲ್ಲಿ ಪಡೆದ ರಕ್ಷಣೆಯು ವರ್ಷಗಳು ಕಳೆದಂತೆ ಕುಂದುವುದು. 10ನೆಯ ಮತ್ತು 16ನೆಯ ವಯಸ್ಸಿನಲ್ಲಿಯೂ ಗರ್ಭಿಣಿಯರಿಗೂ ಟಿ.ಡಿ. ಲಸಿಕೆಯನ್ನು ಕೊಡುವುದು ಇದಕ್ಕಾಗಿಯೇ. ಬೀದಿಯ ಮೊಳೆಯು ಗೃಹಸ್ಥರ ವಯಸ್ಸನ್ನು ವಿಚಾರಿಸಿ ಚುಚ್ಚುವುದಿಲ್ಲವಷ್ಟೆ!

ಪ್ರವಾಸಿಗಳ ಅವಸ್ಥೆಯು ಇನ್ನೂ ವಿಚಿತ್ರ. ಆಫ್ರಿಕಾ ಖಂಡದ ಅನೇಕ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಹೊಂದಿರಬೇಕು. ಇದು ಎಲ್ಲ ಆರೋಗ್ಯ ಕೇಂದ್ರಗಳಲ್ಲಿಯೂ ದೊರೆಯದು. ಕೇಂದ್ರ ಸರ್ಕಾರವು ಗೊತ್ತುಮಾಡಿದ ಸ್ಥಳಗಳಿಗೇ ಹೋಗಬೇಕು. ಲಸಿಕೆ ಹಾಕಿಸಿದ 10 ದಿನಗಳ ಮೇಲೆಯೇ ಪತ್ರವು ಸಿಂಧುವಾಗುವುದು. ವಿಮಾನದ ಟಿಕೆಟು ಕೊಂಡು, ಹೊಸ ಉಡುಪು ಹೊಲಿಸಿ, ಹೊರಡುವ ಹಿಂದಿನ ದಿನ ವೈದ್ಯರ ಬಾಗಿಲು ತಟ್ಟುವ ಮಹಾಶಯರಿಗಾಗಿ ಯಾವ ಅಧಿಕಾರಿ ಏನು ಮಾಡಿಯಾನು? 2016ರ ನಿಯಮದಂತೆ ಒಮ್ಮೆ ಪಡೆದ ಪತ್ರವು ಜೀವಮಾನಪರ್ಯಂತ ಸಲ್ಲುವುದು. ಪತ್ರವಿಲ್ಲದೆ ಆ ದೇಶಗಳಿಂದ ಹಿಂದಿರುಗಿದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದನ್ನು ಕಿರುಕುಳವೆನ್ನುವವರುಂಟು, ನಾವು ಒಪ್ಪೆವು. ಆ ರೋಗವು ನಮ್ಮ ದೇಶದಲ್ಲಿಲ್ಲ, ನಿಜ. ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆಯಾದರೋ ನಮ್ಮ ಮನೆಯಂಗಳದ ನೀರುತೊಟ್ಟಿಯಲ್ಲಿಯೇ ಬೆಳೆಯುತ್ತಿದೆ.

ಆರೋಗ್ಯ ಕೇಂದ್ರದ ಬಾಗಿಲಲ್ಲಿ ಮಕ್ಕಳ ಲಸಿಕೆಗಳ ಪಟ್ಟಿಯ ಪಕ್ಕದಲ್ಲಿ ವಯಸ್ಕರಿಗೂ ಪ್ರವಾಸಿಗಳಿಗೂ ಒಂದು ಫಲಕವನ್ನು ತೂಗುಹಾಕಲು ಅಧಿಕಾರಿವರ್ಗದವರಿಗೆ ಎಷ್ಟು ವೆಚ್ಚವಾದೀತು?